ಗ್ರಾಮಸಭೆಯೂ ನಮ್ಮ ರೈತರೂ



ನಮ್ಮ ಹೊಸೂರು, ಡೆಂಕಣಿಕೋಟೆ, ತಳಿ, ಅಂಚೆಟ್ಟಿ ಸೀಮೆಯ ಹಳ್ಳಿಗರಿಗೆ ಕಾರ್ಯಕ್ರಮಗಳ ಬರವೆಂಬುದಿಲ್ಲ. ಸಂಕ್ರಾಂತಿ ಕಳೆಯಿತೆಂದರೆ ಎತ್ತು ಬಿಡುವ ಹಬ್ಬ. ಅದರ ಹಿಂದೆಯೇ ಹೊಸೂರು ಬೆಟ್ಟದ ಚಂದ್ರಚೂಡೇಶ್ವರನ ತೇರು. ಬೇಸಿಗೆಯಲ್ಲಿ ಊರಮ್ಮನ ಜಾತ್ರೆ. ಹಣ್ಣಿನ ಕಾಲಕ್ಕೆ ಕೃಷ್ಣಗಿರಿಯ ಮಾವಿನ ಪ್ರದರ್ಶನ. ಇವುಗಳ ನಡುವೆ ಇಲಾಖೆಗಳವರ ತರಬೇತಿ, ದನಕರುಗಳ ಚಿಕಿತ್ಸಾ ಶಿಬಿರ, ಕಣ್ಣಿನ ಶಿಬಿರ, ಶಾಲೆಯ ವಾರ್ಷಿಕೋತ್ಸವ, ಮಹಿಳಾ ಸಂಘದ ಕೂಟ. ಯಾವುದಕ್ಕೂ ನಮ್ಮ ಜನ ಹೋಗದೆ ಇರುವವರಲ್ಲ. ಶಾಮಿಯಾನ ಹಾಕಿದ ಕಡೆ ನಾಲ್ಕು ಕುರ್ಚಿ ಕಂಡರೆ ಸಾಕು, ಹೆಗಲ ಮೇಲಿನ ಟವಲು ಕೊಡವಿ ಕುಳಿತುಬಿಡುತ್ತೇವೆ. ಆದರೆ ಹೀಗೆ ಕುಳಿತು ಎದ್ದು ಬಂದ ಮೇಲೆ ನಮ್ಮ ಹೊಲಕ್ಕೆ, ನಮ್ಮ ಊರಿಗೆ, ನಮ್ಮ ಮಕ್ಕಳ ಶಾಲೆಗೆ ಏನು ಬಂತು ಎಂದು ಕೇಳಿಕೊಳ್ಳುವವರು ಕಡಮೆ. ಈ ವಾರ ಆ ಪ್ರಶ್ನೆಯನ್ನೇ ಎತ್ತಿಕೊಳ್ಳಬೇಕೆಂದು ನಮ್ಮ ಇಚ್ಛೆ.

ಜನರನ್ನು ಸೇರಿಸಿ ಕೆಲಸ ಮಾಡಿಸಬೇಕೆಂಬ ಯೋಚನೆ ಹೊಸದೇನೂ ಅಲ್ಲ. 1952ನೇ ಇಸವಿ ಅಕ್ಟೋಬರ್ 2ರಂದು, ಗಾಂಧೀ ಜಯಂತಿಯ ದಿವಸ, ದೇಶದಲ್ಲಿ 55 ಕಡೆ ಸಮುದಾಯ ಅಭಿವೃದ್ಧಿ ಯೋಜನೆಗಳು ಆರಂಭವಾದವು. ಆಗ ಮದರಾಸಿನಲ್ಲಿ ಮುಖ್ಯಮಂತ್ರಿಗಳಾಗಿದ್ದವರು ಹೊಸೂರಿನ ಹತ್ತಿರದ ತೊರಪಳ್ಳಿಯಲ್ಲಿ ಹುಟ್ಟಿದ ರಾಜಾಜಿಯವರು. ಬಾವಿ, ರಸ್ತೆ, ಗೊಬ್ಬರ, ಬೀಜ, ಶಾಲೆ, ವಯಸ್ಕರ ಶಿಕ್ಷಣ, ಎಲ್ಲವೂ ಆ ಯೋಜನೆಯಲ್ಲಿದ್ದವು. ಐದು ವರ್ಷವಾದ ಮೇಲೆ, 1957ರಲ್ಲಿ, ಬಲವಂತರಾಯ್ ಮೆಹತಾ ಅವರ ಸಮಿತಿ ಪರಿಶೀಲಿಸಿ ನೋಡಿದಾಗ ಕಂಡ ದೊಡ್ಡ ಕೊರತೆ ಹಣದ್ದಲ್ಲ. ಕೆಲಸವೆಲ್ಲ ಸರ್ಕಾರದ್ದೆಂದು ಜನ ದೂರ ನಿಂತರು, ತಮ್ಮದೆಂದು ಕೈ ಹಚ್ಚಲಿಲ್ಲ ಎಂಬುದೇ ಆ ಕೊರತೆ. ಇಷ್ಟು ವರ್ಷಗಳ ಮೇಲೆ ನಮ್ಮ ಹಳ್ಳಿಗಳ ಸಭೆಗಳನ್ನು ನೋಡಿದರೆ ಆ ಮಾತು ಹಳತಾಗಿದೆಯೆಂದು ಹೇಳಲು ನಮಗೆ ಧೈರ್ಯ ಸಾಲದು.

ಹಾಗಾದರೆ ಜನರು ಕೈ ಹಚ್ಚಿದ ಕಾರ್ಯಕ್ರಮ ಒಂದೂ ಇಲ್ಲವೇ? ಉಂಟು, ಅದೂ ನಮ್ಮ ಜಿಲ್ಲೆಯದೇ. ಇಂದಿನ ಕೃಷ್ಣಗಿರಿ ಜಿಲ್ಲೆ 2004ರ ತನಕ ಧರ್ಮಪುರಿ ಜಿಲ್ಲೆಯ ಭಾಗವಾಗಿತ್ತಷ್ಟೆ. ತಮಿಳುನಾಡಿನಲ್ಲಿ ಮಹಿಳಾ ಸ್ವಸಹಾಯ ಸಂಘಗಳ ಕೆಲಸ ಮೊದಲು ಬೇರೂರಿದ್ದು 1989ರಲ್ಲಿ, ಆ ಅವಿಭಜಿತ ಧರ್ಮಪುರಿ ಜಿಲ್ಲೆಯಲ್ಲಿ, ಅಂತರರಾಷ್ಟ್ರೀಯ ಕೃಷಿ ಅಭಿವೃದ್ಧಿ ನಿಧಿಯ ನೆರವಿನಿಂದ. ಓದು ಬಾರದ ಹೆಂಗಸರು, ಕೂಲಿಗೆ ಹೋಗುವ ಹೆಂಗಸರು, ಹದಿನೈದಿಪ್ಪತ್ತು ಮಂದಿ ಕೂಡಿ ಇಂಥ ದಿನ ಇಂಥ ಹೊತ್ತಿಗೆ ಸೇರುವುದು, ಉಳಿತಾಯದ ಹಣ ಕಟ್ಟುವುದು, ಯಾರಿಗೆ ಎಷ್ಟು ಸಾಲವೆಂದು ತೀರ್ಮಾನಿಸುವುದು, ಎಲ್ಲವನ್ನೂ ಪುಸ್ತಕದಲ್ಲಿ ಬರೆಸಿ ರುಜು ಹಾಕುವುದು. ರುಜು ಬಾರದವರು ಮೊದಲು ಹೆಬ್ಬೆಟ್ಟು ಒತ್ತಿದರು, ಆಮೇಲೆ ಹೆಸರು ಬರೆಯುವುದನ್ನು ಕಲಿತರು. 1992ರಲ್ಲಿ ನಬಾರ್ಡ್ ಬ್ಯಾಂಕು ಇಂಥ ಸಂಘಗಳನ್ನು ಬ್ಯಾಂಕುಗಳ ಜೊತೆ ಸೇರಿಸುವ ಪ್ರಯೋಗ ಹೂಡಿದಾಗ ಬ್ಯಾಂಕಿನವರು ನೋಡಿದ್ದು ಏನನ್ನು? ಇವರ ಹೊಲವನ್ನಲ್ಲ, ಒಡವೆಯನ್ನಲ್ಲ, ಸಂಘದ ಪುಸ್ತಕವನ್ನು. ತಪ್ಪದೆ ಸೇರಿದ್ದಾರೆಯೇ, ತಪ್ಪದೆ ಕಟ್ಟಿದ್ದಾರೆಯೇ, ಬರೆದಿಟ್ಟಿದ್ದಾರೆಯೇ, ಇಷ್ಟೇ. ಅಡಮಾನವಿಲ್ಲದ ಸಾಲ ಆ ಪುಸ್ತಕದ ಮೇಲೆ ಹುಟ್ಟಿತು. ಗಂಡಸರಾದ ನಾವು ಇವರ ಕೂಟವನ್ನು ನೋಡಿ ಹಾಸ್ಯ ಮಾಡಿದ್ದುಂಟು. ಕಷ್ಟಕಾಲದಲ್ಲಿ ಅದೇ ಪುಸ್ತಕದ ಸಾಲದಿಂದ ಹಸು ಕೊಂಡದ್ದೂ ಉಂಟು.

ಆದಕಾರಣ ನಮ್ಮ ಅಭಿಪ್ರಾಯವಿಷ್ಟು: ಯಾವ ಸಭೆಯಲ್ಲಿ ನಮ್ಮ ಮಾತು ಪುಸ್ತಕಕ್ಕೆ ಏರುತ್ತದೆಯೋ ಆ ಸಭೆಗೆ ಮೊದಲು ಹೋಗತಕ್ಕದ್ದು. ಹಾರ, ಶಾಲು, ಭಾಷಣಗಳ ಸಭೆಗೆ ಬಿಡುವಿದ್ದರೆ ಹೋದರಾಯಿತು.

ಪುಸ್ತಕವಿರುವ ಸಭೆಗಳಲ್ಲಿ ದೊಡ್ಡದು ಗ್ರಾಮಸಭೆ. ಅದಕ್ಕೆ ನಾವು ಹೋಗುವುದೇ ಅತಿ ಕಡಮೆ. ತಮಿಳುನಾಡಿನಲ್ಲಿ ಮೊದಲು ವರ್ಷಕ್ಕೆ ನಾಲ್ಕು ದಿವಸ ಗ್ರಾಮಸಭೆ ನಡೆಯುತ್ತಿತ್ತು: ಜನವರಿ 26, ಮೇ 1, ಆಗಸ್ಟ್ 15, ಅಕ್ಟೋಬರ್ 2. 2022ರಲ್ಲಿ ಮಾರ್ಚ್ 22ರ ಜಲದಿನವನ್ನೂ ನವೆಂಬರ್ 1ನ್ನೂ ಸೇರಿಸಿ ಆರು ಮಾಡಿದರು. ಇದು ಯಾರೋ ದಯಪಾಲಿಸಿದ ಸಮಾರಂಭವಲ್ಲ. 1994ರ ಪಂಚಾಯಿತಿ ಕಾನೂನಿನ ಪ್ರಕಾರ ಊರಿನ ಮತದಾರರೆಲ್ಲರೂ ಇದರ ಸದಸ್ಯರು. ಪಂಚಾಯಿತಿಯ ಯೋಜನೆ, ಆಯವ್ಯಯ, ಲೆಕ್ಕಪರಿಶೋಧನೆಯ ವರದಿ ಇದರ ಮುಂದೆ ಬರತಕ್ಕದ್ದು. ಕೋರಮ್ಮೂ ಗೊತ್ತುಮಾಡಿದ್ದಾರೆ: ಜನಸಂಖ್ಯೆ 500ರ ಒಳಗಿದ್ದರೆ 50 ಮಂದಿ, 3000ದ ವರೆಗೆ 100, 10,000ದ ವರೆಗೆ 200, ಅದಕ್ಕೂ ಮೇಲಿದ್ದರೆ 300. ನಾವು ಬಾರದೆ ಹೋದರೆ ಏನಾಗುತ್ತದೆಂದು ಹೇಳಬೇಕಾಗಿಲ್ಲ. ಸಂಜೆ ಮನೆ ಮನೆಗೆ ಪುಸ್ತಕ ಬರುತ್ತದೆ, ರುಜು ಹಾಕುತ್ತೇವೆ. ಮೇಲಿನ ಪುಟದಲ್ಲಿ ಏನು ಬರೆದಿದೆಯೆಂದು ಓದುವುದಿಲ್ಲ. ಹೊಲಕ್ಕೆ ಹೋಗುವ ದಾರಿಯ ಮೋರಿ ಮೂರು ಮಳೆಗಾಲ ಮುರಿದು ಬಿದ್ದಿದ್ದರೂ ಅದರ ಹೆಸರು ಆ ಪುಸ್ತಕದಲ್ಲಿ ಇರುವುದಿಲ್ಲ.

2023ರ ಫೆಬ್ರವರಿ 2ರಂದು ಹೊಸೂರಿನ ಹತ್ತಿರ ಗೋಪಸಂದ್ರದಲ್ಲಿ ಎತ್ತು ಬಿಡುವ ಹಬ್ಬಕ್ಕೆ ಅನುಮತಿ ತಡವಾಯಿತೆಂದು ಸಾವಿರಾರು ಜನ ಬೆಂಗಳೂರಿನ ಹೆದ್ದಾರಿಯನ್ನೇ ತಡೆದು ನಿಂತರು. ಕಲ್ಲು ಬಿತ್ತು, ಬಸ್ಸುಗಳು ನಿಂತವು, ಪೋಲೀಸರು ಬಂದರು. ಎತ್ತಿನ ಮೇಲಿನ ಅಭಿಮಾನವನ್ನು ನಾವು ಹಳಿಯುವವರಲ್ಲ. ಕಲ್ಲೆಸೆದದ್ದನ್ನು ಮಾತ್ರ ಒಪ್ಪುವುದಿಲ್ಲ. ಆದರೆ ಒಂದು ಲೆಕ್ಕ ನೋಡಿ: ಆ ದಿನ ರಸ್ತೆಗೆ ಇಳಿದವರಲ್ಲಿ ಹತ್ತರಲ್ಲೊಂದು ಪಾಲು ಜನ ತಮ್ಮ ತಮ್ಮ ಊರಿನ ಗ್ರಾಮಸಭೆಗೆ ಹೋಗಿ ಕುಳಿತಿದ್ದರೆ ಎಷ್ಟು ಊರುಗಳ ಕೋರಮ್ ತುಂಬುತ್ತಿತ್ತು!

ಹೋಗದಿರುವುದಕ್ಕೆ ನಮ್ಮವರು ಕೊಡುವ ಕಾರಣ ಒಂದೇ. ನಮ್ಮ ಊರಿನ ಹಿರಿಯರೊಬ್ಬರು ಹೇಳಿದ್ದನ್ನು ಹಾಗೆಯೇ ಬರೆಯುತ್ತೇವೆ: “ಅವ್ರು ತಮಿಳ್ನಾಗೆ ಓದ್ತಾರೆ, ನಾವು ತಲೆ ಆಡಿಸ್ತೀವಿ. ಅದ್ಕೆ ನಾನ್ ಯಾಕ್ ಬರ್ಬೇಕು ಮೇಷ್ಟ್ರೇ, ನಮ್ಮನೆ ಹಸನೂ ತಲೆ ಆಡಿಸ್ತದೆ.” ನಗು ಬಂದರೂ ಮಾತು ಸುಳ್ಳಲ್ಲ. ರಾಗಿ, ಹುರುಳಿ, ಟೊಮೇಟೊ ಬೆಳೆಯುವ ನಮ್ಮ ರೈತನಿಗೆ ಸಂತೆಯಲ್ಲಿ ತಮಿಳು, ತೆಲುಗು ಎರಡೂ ಬರುತ್ತದೆ; ನಿಂತು ಕಾಗದ ಓದುವಾಗ, ಅಧಿಕಾರಿಯ ಮುಂದೆ ತರ್ಕ ಹೂಡುವಾಗ ನಾಲಿಗೆ ಕಟ್ಟಿಹೋಗುತ್ತದೆ.

ಇದಕ್ಕೆ ಮದ್ದು ಸಂವಿಧಾನದಲ್ಲಿಯೇ ಇದೆ, ನಮ್ಮ ಜನಕ್ಕೆ ಗೊತ್ತಿಲ್ಲ. 350ನೇ ವಿಧಿ ಹೇಳುವುದು: ಕಷ್ಟ ಪರಿಹಾರಕ್ಕಾಗಿ ಯಾವ ಅಧಿಕಾರಿಗೇ ಆಗಲಿ, ದೇಶದಲ್ಲಿ ಅಥವಾ ಆ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಿಯೇ ಆಗಲಿ ಅರ್ಜಿ ಕೊಡುವ ಹಕ್ಕು ಪ್ರತಿಯೊಬ್ಬನಿಗೂ ಇದೆ. ಕನ್ನಡದಲ್ಲಿ ಬರೆದದ್ದೆಂದು ಅರ್ಜಿಯನ್ನು ಹಿಂದಕ್ಕೆ ಕೊಡುವಂತಿಲ್ಲ. ರಾಜ್ಯಗಳ ಪುನರ್ವಿಂಗಡಣೆ 1956ರ ನವೆಂಬರ್ 1ರಂದು ಆದಾಗ ಗಡಿಯಾಚೆ ಉಳಿದ ನಮ್ಮಂಥವರ ಸಲುವಾಗಿ 350ಎ, 350ಬಿ ಎಂಬ ಎರಡು ವಿಧಿಗಳನ್ನು ಸೇರಿಸಿದರು: ಒಂದು ಪ್ರಾಥಮಿಕ ಶಿಕ್ಷಣ ತಾಯಿನುಡಿಯಲ್ಲಿ ಸಿಕ್ಕಬೇಕೆಂಬುದು, ಇನ್ನೊಂದು ಭಾಷಾ ಅಲ್ಪಸಂಖ್ಯಾತರ ಕಮಿಷನರ ಹುದ್ದೆ. ಒಂದು ತಾಲ್ಲೂಕಿನಲ್ಲಿ ಅಲ್ಪಸಂಖ್ಯಾತ ಭಾಷೆಯವರು ನೂರಕ್ಕೆ 15 ಇದ್ದರೆ ಮುಖ್ಯ ಪ್ರಕಟಣೆಗಳನ್ನು ಆ ಭಾಷೆಯಲ್ಲೂ ಹೊರಡಿಸಬೇಕೆಂಬ ಒಪ್ಪಂದವೂ ರಾಜ್ಯಗಳ ನಡುವೆ ಆಗಿದೆ. ಗ್ರಾಮಸಭೆಯ ನೋಟೀಸು ನಮ್ಮ ಚಾವಡಿಯ ಗೋಡೆಗೆ ಕನ್ನಡದಲ್ಲೂ ಅಂಟಿಸಿರೆಂದು ಕೇಳುವುದು ಜಗಳವಲ್ಲ.

ಇಲ್ಲಿ ಕೆಲವರಿಗೆ ಹಿಡಿಸದ ಮಾತನ್ನೂ ಹೇಳಿಬಿಡುತ್ತೇವೆ. ಹಕ್ಕಿದೆಯೆಂದು ಕನ್ನಡದ ಅರ್ಜಿಯೊಂದನ್ನೇ ಕೊಟ್ಟು ಮನೆಗೆ ಬಂದು ಕುಳಿತರೆ ಅದು ಕಡತದ ಅಡಿಗೆ ಹೋಗುವ ಸಂಭವವುಂಟು. ಕನ್ನಡದಲ್ಲಿ ಬರೆಯಿರಿ, ಅದರ ಹಿಂದೆ ತಮಿಳಿನ ಒಂದು ಪ್ರತಿ ಪಿನ್ನು ಹಾಕಿ ಕೊಡಿರಿ. ನಮ್ಮ ಮಕ್ಕಳು 2006ರ ಕಾನೂನಿನ ಮೇಲೆ ಒಂದನೇ ತರಗತಿಯಿಂದ ತಮಿಳು ಕಲಿಯುತ್ತ ಬಂದಿದ್ದಾರೆ. ಮನೆಯ ಹುಡುಗಿಯೇ ಬರೆದುಕೊಡುತ್ತಾಳೆ. ಅಪ್ಪ ಕನ್ನಡದಲ್ಲಿ ಹೇಳಿ ಮಗಳು ತಮಿಳಿನಲ್ಲಿ ಬರೆದರೆ ಯಾವ ಭಾಷೆಗೂ ಕುಂದಿಲ್ಲ. ಕೆಲಸವಾಗಬೇಕಾದ್ದು ನಮಗೆ.

ಶಾಲೆಯ ವಿಷಯಕ್ಕೆ ಬಂದರೆ, ವಾರ್ಷಿಕೋತ್ಸವದ ರಾತ್ರಿ ಮಗನ ಕುಣಿತ ನೋಡಲು ಊರೆಲ್ಲ ನೆರೆಯುತ್ತದೆ. ಅದೇ ಶಾಲೆಯ ನಿರ್ವಹಣಾ ಸಮಿತಿಯ ಕೂಟಕ್ಕೆ ಸದಸ್ಯರೇ ಬರುವುದಿಲ್ಲ. 2009ರ ಶಿಕ್ಷಣ ಹಕ್ಕು ಕಾನೂನಿನಂತೆ ಈ ಸಮಿತಿಯಲ್ಲಿ ಮುಕ್ಕಾಲು ಪಾಲು ತಂದೆತಾಯಂದಿರೇ ಇರತಕ್ಕದ್ದು, ಅರ್ಧ ಹೆಂಗಸರು. ಶಾಲೆಯ ಅಭಿವೃದ್ಧಿ ಯೋಜನೆಯನ್ನು ಬರೆಯುವವರೂ ಇವರೇ. ಕನ್ನಡ ಮೇಷ್ಟರ ಜಾಗ ಖಾಲಿ ಬಿದ್ದಿದ್ದರೆ, ಕನ್ನಡ ಪಠ್ಯಪುಸ್ತಕ ತಡವಾಗಿ ಬಂದರೆ ಮೊದಲು ಬರೆಯಬೇಕಾದ್ದು ಈ ಸಮಿತಿಯ ಪುಸ್ತಕದಲ್ಲಿ. ಪ್ರಾಂತಗಳ ಶಿಕ್ಷಣ ಮಂತ್ರಿಗಳು 1949ರಲ್ಲಿ ಸೇರಿ ಗೊತ್ತುಮಾಡಿದ ಲೆಕ್ಕವನ್ನೂ ನೆನಪಿಡಿ: ಒಂದು ತರಗತಿಯಲ್ಲಿ 10 ಮಕ್ಕಳು, ಅಥವಾ ಇಡೀ ಶಾಲೆಯಲ್ಲಿ 40 ಮಕ್ಕಳು ಇದ್ದರೆ ಪ್ರಾಥಮಿಕ ಹಂತದಲ್ಲಿ ಅವರ ಭಾಷೆಯ ಉಪಾಧ್ಯಾಯರನ್ನು ಒದಗಿಸಬೇಕು. ಹಾಜರಿ ಪಟ್ಟಿಯಲ್ಲಿ ಮಗುವಿನ ತಾಯಿನುಡಿ ಏನೆಂದು ಬರೆದಿದೆಯೆಂಬುದನ್ನು ಹೋಗಿ ನೋಡಿದ ತಂದೆ ಎಷ್ಟು ಮಂದಿ?

ಬೇಸಾಯದ ಕಾರ್ಯಕ್ರಮಗಳಲ್ಲಿ ನಮ್ಮ ಜಿಲ್ಲೆ ಭಾಗ್ಯಶಾಲಿಯೆಂದೇ ಹೇಳಬೇಕು. ಮತ್ತಿಗಿರಿಯ ಜಾನುವಾರು ಕ್ಷೇತ್ರ 1824ರಿಂದ ಇದೆ. ಪೈಯೂರಿನಲ್ಲಿ ಕೃಷಿ ವಿಶ್ವವಿದ್ಯಾನಿಲಯದ ಸಂಶೋಧನಾ ಕೇಂದ್ರ. ಹೊಸೂರಿನಲ್ಲಿ ರೇಷ್ಮೆ ಮಂಡಳಿಯ ತಳಿ ಸಂರಕ್ಷಣೆಯ ಕೇಂದ್ರ. ತಳಿ ಗ್ರಾಮದಲ್ಲಿ ಇಸ್ರೇಲಿನ ಸಹಕಾರದಿಂದಾದ ಹೂವಿನ ಕೇಂದ್ರ. ಇಲ್ಲಿಯ ತರಬೇತಿಗೆ ಹೋದವರು ಊಟ ಮಾಡಿ, ಚೀಲ ಹಿಡಿದು ಬರುವುದಷ್ಟೇ ಆಗಬಾರದು. ಹೋಗುವಾಗ ರೋಗ ತಗುಲಿದ ಗಿಡವೊಂದನ್ನು ಬೇರು ಸಮೇತ ಕಿತ್ತು ತೆಗೆದುಕೊಂಡು ಹೋಗಿ ಮುಂದಿಡಿ. ಗಿಡವನ್ನು ಕೈಯಲ್ಲಿ ಹಿಡಿದುಕೊಂಡರೆ ಭಾಷೆಯ ತೊಡಕು ಅರ್ಧ ಕಳೆಯಿತು. 2015ರಿಂದ ಕೊಡುತ್ತ ಬಂದ ಮಣ್ಣಿನ ಆರೋಗ್ಯ ಚೀಟಿಯನ್ನು ದೇವರ ಪಟದ ಹಿಂದೆ ಸಿಕ್ಕಿಸಿಟ್ಟವರು ಅದನ್ನು ತೆಗೆದು ಅಲ್ಲಿಗೆ ಒಯ್ದು ಓದಿಸಿಕೊಳ್ಳಿರಿ. ಸಾರಜನಕ ಎಷ್ಟು, ರಂಜಕ ಎಷ್ಟು ಎಂದು ಅದರಲ್ಲಿದೆ. ಅದನ್ನು ನೋಡದೆ ಅಂಗಡಿಯವರು ಹೇಳಿದ ಮೂಟೆ ಸುರಿಯುವುದು ದುಡ್ಡಿಗೂ ಮಣ್ಣಿಗೂ ನಷ್ಟ.

ಕಾರ್ತೀಕ ಮಾಸ ಬಂತೆಂದರೆ ಬನ್ನೇರುಘಟ್ಟದ ಕಡೆಯಿಂದ ಆನೆಗಳು ಜವಳಗಿರಿ ಕಾಡಿಗೆ ಇಳಿಯುತ್ತವೆ, ತೆನೆ ಕಟ್ಟಿದ ರಾಗಿ ಹೊಲ ಅವುಗಳ ದಾರಿಯಲ್ಲೇ ಇರುತ್ತದೆ. ರಾತ್ರಿ ಪಟಾಕಿ ಹೊಡೆದು ಕೂಗಾಡುವುದರಲ್ಲಿ ಊರೆಲ್ಲ ಒಂದಾಗುತ್ತದೆ. ಬೆಳಗಾದ ಮೇಲೆ ಪರಿಹಾರದ ಅರ್ಜಿ ಬರೆಯುವುದಕ್ಕೆ ಒಬ್ಬೊಬ್ಬನೂ ಒಂಟಿ. ಹೀಗಾಗಬಾರದು. ಕೃಷ್ಣಗಿರಿಯ ಕಲೆಕ್ಟರ್ ಕಚೇರಿಯಲ್ಲಿ ತಿಂಗಳಿಗೊಮ್ಮೆ ರೈತರ ಕುಂದುಕೊರತೆಯ ದಿನ ನಡೆಯುತ್ತದೆ. ಕೃಷಿ, ಅರಣ್ಯ, ನೀರಾವರಿ, ಸಹಕಾರ, ಎಲ್ಲ ಇಲಾಖೆಯವರೂ ಅಲ್ಲಿರುತ್ತಾರೆ. ಒಂದು ಊರಿನ ಹತ್ತು ಹೊಲಗಳ ನಷ್ಟವನ್ನು ಒಂದೇ ಅರ್ಜಿಯ ಕೆಳಗೆ ಪಟ್ಟಿ ಮಾಡಿ, ಅದೇ ಊರಿನ ಗ್ರಾಮಸಭೆಯ ನಿರ್ಣಯದ ನಕಲನ್ನು ಜೊತೆಗಿಟ್ಟು ಕೊಟ್ಟರೆ ಅದರ ತೂಕ ಬೇರೆ. ಒಂದು ಸಭೆಯ ಪುಸ್ತಕ ಇನ್ನೊಂದು ಸಭೆಗೆ ಸಾಕ್ಷಿಯಾಗುತ್ತದೆ.

ಕೊಡುವ ಕೈಗೆ ಹುಡುಕಿಕೊಂಡು ಬರುವುದೂ ಗೊತ್ತು. ಮನೆಬಾಗಿಲಿಗೆ ಔಷಧಿ ತರುವ ಯೋಜನೆಯನ್ನು ಮುಖ್ಯಮಂತ್ರಿ ಸ್ಟಾಲಿನ್ 2021ರ ಆಗಸ್ಟ್ 5ರಂದು ಆರಂಭಿಸಿದ್ದು ನಮ್ಮ ಜಿಲ್ಲೆಯ ಸಾಮನಪಳ್ಳಿಯಲ್ಲಿ. ಸಕ್ಕರೆ ಕಾಯಿಲೆ, ರಕ್ತದೊತ್ತಡದವರಿಗೆ ಅದರಿಂದ ಉಪಕಾರವಾಗಿದೆ. ಆದರೆ ಮೋರಿಯೂ ಮೇಷ್ಟರೂ ಹಾಗೆ ತಾವಾಗಿ ಬಾಗಿಲಿಗೆ ಬರುವುದಿಲ್ಲ.

ಇನ್ನು ನವೆಂಬರ್ 1. ಅಂದು ಕೆಲವು ಊರುಗಳಲ್ಲಿ ನಮ್ಮ ಯುವಕರು ಭುವನೇಶ್ವರಿಯ ಪಟವಿಟ್ಟು ರಾಜ್ಯೋತ್ಸವ ಮಾಡುತ್ತಾರೆ, ಸಂತೋಷ. ಅಂದೇ ಗ್ರಾಮಸಭೆಯ ದಿವಸವೂ ಹೌದು. ಸಾಮಾನ್ಯವಾಗಿ ಬೆಳಗ್ಗೆ 11ಕ್ಕೆ ಆರಂಭ. ರಾಜ್ಯೋತ್ಸವದ ಪೂಜೆ ಒಂಬತ್ತಕ್ಕೆ ಮುಗಿಸಿ, ಅಲ್ಲಿ ಸೇರಿದ ಜನವೆಲ್ಲ ಮೈಕು, ಪೆಂಡಾಲನ್ನು ಹುಡುಗರಿಗೆ ಬಿಟ್ಟು ಹಾಗೆಯೇ ಪಂಚಾಯಿತಿ ಕಚೇರಿಗೆ ನಡೆದರೆ ಆಯಿತು. ಹಿಂದಿನ ದಿವಸವೇ ಅರ್ಜಿ ಸಿದ್ಧವಿರಲಿ: ಊರಿನ ಹೆಸರು, ಮೋರಿಯಾದರೆ ಯಾವ ಸರ್ವೆ ನಂಬರಿನ ಪಕ್ಕ, ಎಷ್ಟು ಮನೆಯವರು ಬಳಸುವ ದಾರಿ, ಮಳೆಗಾಲದಲ್ಲಿ ಎಷ್ಟು ದಿನ ಗಾಡಿ ಹೋಗುವುದಿಲ್ಲ. ಒಂದು ಹಾಳೆ ಮೀರಬಾರದು. ಕುಳಿತಿರುವವರು ಅಧ್ಯಕ್ಷರಿರಲಿ, ವಿಶೇಷಾಧಿಕಾರಿಯಿರಲಿ, ಒಬ್ಬರು ಎದ್ದು ಅದನ್ನು ಕನ್ನಡದಲ್ಲಿ ಓದಲಿ, ಇನ್ನೊಬ್ಬರು ತಮಿಳಿನಲ್ಲಿ ಹೇಳಲಿ. ನಿರ್ಣಯದ ಪುಸ್ತಕದಲ್ಲಿ ಬರೆದಾದ ಮೇಲೆ ಆ ಸಾಲುಗಳನ್ನು ಗಟ್ಟಿಯಾಗಿ ಓದಿಸಿರಿ, ಆಮೇಲೆ ರುಜು ಹಾಕಿರಿ. ಅರ್ಜಿಯ ನಕಲಿನ ಮೇಲೆ ತಾರೀಖು ಸಹಿತ ಮೊಹರು ಹಾಕಿಸಿಕೊಂಡು, ಮುಂದಿನ ಸಭೆಗೆ, ಅಂದರೆ ಜನವರಿ 26ಕ್ಕೆ, ಆ ನಕಲನ್ನು ಜೇಬಿನಲ್ಲಿಟ್ಟುಕೊಂಡು ಹೋಗಿರಿ.