ಬಸ್ಸು ನಿಂತರೆ ಯಾರನ್ನು ಕೇಳಬೇಕು? ಕೇಂಬ್ರಿಡ್ಜ್‌ಶೈರ್‌ಗೆ ಸಿಕ್ಕ ಉತ್ತರ, ಕೊಪ್ಪಕ್ಕೆ ಸಿಗದ ಉತ್ತರ

2022ರ ಸೆಪ್ಟೆಂಬರ್. ಇಂಗ್ಲೆಂಡಿನ ಪೂರ್ವ ಭಾಗದಲ್ಲಿರುವ ಕೇಂಬ್ರಿಡ್ಜ್‌ಶೈರ್‌ನ ಜನರಿಗೆ ಖಾಸಗಿ ಬಸ್ ಕಂಪನಿ ಸ್ಟೇಜ್‌ಕೋಚ್ ಒಂದು ಸುದ್ದಿ ಕೊಟ್ಟಿತು. ಅಕ್ಟೋಬರ್ 30ರಿಂದ 18 ರೂಟ್‌ಗಳು ಬಂದ್. ಇನ್ನೂ ಕೆಲವು ರೂಟ್‌ಗಳಲ್ಲಿ ಟ್ರಿಪ್ ಕಡಿತ. ಕೋವಿಡ್ ಮುಗಿದರೂ ಪ್ರಯಾಣಿಕರು ಮೊದಲಿನಷ್ಟು ವಾಪಸ್ ಬಂದಿಲ್ಲ, ಖರ್ಚು ಮಾತ್ರ ಏರಿದೆ ಅನ್ನೋದು ಕಾರಣ.

ಕೇಂಬ್ರಿಡ್ಜ್ ಅಂದ ಕೂಡಲೇ ನಮಗೆ ವಿಶ್ವವಿದ್ಯಾಲಯ ನೆನಪಾಗುತ್ತೆ. ಆದರೆ ಆ ಊರು ದಾಟಿದರೆ ಸಿಗೋದು ಫೆನ್ಸ್ ಎಂಬ ತಗ್ಗು ಪ್ರದೇಶದ ಹೊಲಗಳು, ಅಲ್ಲೊಂದು ಇಲ್ಲೊಂದು ಹಳ್ಳಿಗಳು. ಕಾರಿಲ್ಲದ ವೃದ್ಧರಿಗೆ, ಕಾಲೇಜು ಹುಡುಗರಿಗೆ, ಪಾಳಿಯಲ್ಲಿ ಕೆಲಸ ಮಾಡುವವರಿಗೆ ಬಸ್ಸೇ ದಾರಿ. ಕಂಪನಿ ಮಾಡಿದ್ದು ಕಾನೂನುಬಾಹಿರ ಏನಲ್ಲ. ನಷ್ಟದ ವ್ಯಾಪಾರ ಮುಂದುವರಿಸಿ ಅಂತ ಯಾರೂ ಅದನ್ನು ಒತ್ತಾಯಿಸುವಂತಿಲ್ಲ. ಹಾಗಿದ್ದರೆ ಬಸ್ ಸ್ಟಾಪಿನಲ್ಲಿ ನಿಂತವರು ಕೇಳಬೇಕಾದ್ದು ಯಾರನ್ನು?

ನನಗೆ ಈ ಪ್ರಕರಣದಲ್ಲಿ ಆಸಕ್ತಿ ಇರೋದು ಅಲ್ಲಿ ಈ ಪ್ರಶ್ನೆಗೆ ಒಂದು ವಿಳಾಸ ಇತ್ತು ಅನ್ನೋ ಕಾರಣಕ್ಕೆ. ಆ ವಿಳಾಸದಲ್ಲಿ ಕೂತಿದ್ದವರು ಮೊದಲು ತೇಪೆ ಹಾಕಿದರು, ಆಮೇಲೆ ತೆರಿಗೆ ಹಾಕಿದರು, ಕೊನೆಗೆ ಬಸ್ಸಿನ ಸ್ಟೇರಿಂಗಿಗೇ ಕೈ ಹಾಕಿದರು.

ಥ್ಯಾಚರ್ ಕಾಲದ ಪ್ರಯೋಗ

ಕಥೆ ಶುರುವಾಗೋದು 1980ರ ದಶಕದಲ್ಲಿ. ಮಾರ್ಗರೆಟ್ ಥ್ಯಾಚರ್ ಸರ್ಕಾರದ ಸಾರಿಗೆ ಸಚಿವ ನಿಕೋಲಸ್ ರಿಡ್ಲಿ ಬಸ್ ಸೇವೆಯನ್ನು ಮಾರುಕಟ್ಟೆಗೆ ಬಿಡಬೇಕು ಅಂತ ಹೊರಟರು. 1985ರಲ್ಲಿ ಸಾರಿಗೆ ಕಾಯ್ದೆ ಬಂತು, 1986ರ ಅಕ್ಟೋಬರ್ 26ರಿಂದ ಜಾರಿಯಾಯಿತು. ಲಂಡನ್ ಬಿಟ್ಟು ಉಳಿದ ಬ್ರಿಟನ್‌ನಲ್ಲಿ ಲೈಸೆನ್ಸ್ ಇರುವ ಯಾವ ಕಂಪನಿ ಬೇಕಾದರೂ ರೂಟ್ ನೋಂದಾಯಿಸಿ ಬಸ್ ಓಡಿಸಬಹುದು, ದರ ತಾನೇ ನಿಗದಿ ಮಾಡಬಹುದು, ಬೇಡವಾದಾಗ ನೋಟಿಸ್ ಕೊಟ್ಟು ನಿಲ್ಲಿಸಬಹುದು. ಈಗ ಇಂಗ್ಲೆಂಡಿನಲ್ಲಿ ಆ ನೋಟಿಸ್ ಅವಧಿ ಒಟ್ಟು 70 ದಿನ: ಮೊದಲ 28 ದಿನ ಸ್ಥಳೀಯ ಸಂಸ್ಥೆಗೆ, ನಂತರದ 42 ದಿನ ಟ್ರಾಫಿಕ್ ಕಮಿಷನರ್ ಎಂಬ ನಿಯಂತ್ರಕರಿಗೆ.

ಹಾಗಾದರೆ ಲಾಭ ಬರದ ಹಳ್ಳಿಗಳ ಗತಿ? ಅದಕ್ಕೂ ಕಾಯ್ದೆಯಲ್ಲಿ ಒಂದು ಕಿಂಡಿ ಇದೆ. ಮಾರುಕಟ್ಟೆ ಪೂರೈಸದ ಅಗತ್ಯಗಳಿಗೆ ತನಗೆ 'ಸೂಕ್ತ' ಅನಿಸಿದ ಸೇವೆಯನ್ನು ಸ್ಥಳೀಯ ಕೌನ್ಸಿಲ್ ಹಣ ಕೊಟ್ಟು ಓಡಿಸಬಹುದು. ಗಮನಿಸಿ, ಯೋಚಿಸುವುದು ಅದರ ಕರ್ತವ್ಯ, ಬಸ್ ಓಡಿಸುವುದಲ್ಲ. ಯಾವುದು ಸೂಕ್ತ ಅಂತ ತೀರ್ಮಾನಿಸುವುದು ಕೌನ್ಸಿಲ್ಲೇ. 2010ರ ನಂತರ ಕೇಂದ್ರ ಸರ್ಕಾರ ಅನುದಾನ ಕತ್ತರಿಸುತ್ತಾ ಹೋದಾಗ ಇದರ ಪರಿಣಾಮ ಕಾಣಿಸಿತು. 2014ರಲ್ಲಿ ಕಂಬ್ರಿಯಾ, 2016ರಲ್ಲಿ ಆಕ್ಸ್‌ಫರ್ಡ್‌ಶೈರ್ ಕೌಂಟಿ ಕೌನ್ಸಿಲ್‌ಗಳು ಬಸ್ ಸಬ್ಸಿಡಿಯನ್ನು ಪೂರ್ತಿ ನಿಲ್ಲಿಸಿಬಿಟ್ಟವು.

ಇಲ್ಲಿ ಇನ್ನೊಂದು ವ್ಯಂಗ್ಯ ಇದೆ. 2008ರಿಂದ ಇಂಗ್ಲೆಂಡಿನ ಹಿರಿಯ ನಾಗರಿಕರಿಗೆ ಜನಜಂಗುಳಿಯ ಹೊತ್ತು ಬಿಟ್ಟು ದೇಶದಾದ್ಯಂತ ಸ್ಥಳೀಯ ಬಸ್ ಉಚಿತ. ಆ ಪಾಸಿನ ಹಣವನ್ನು ಕೌನ್ಸಿಲ್‌ಗಳು ಕಂಪನಿಗಳಿಗೆ ತುಂಬಿಕೊಡಲೇಬೇಕು, ಅದು ಕಡ್ಡಾಯ. ಹಳ್ಳಿ ರೂಟ್ ಉಳಿಸೋದು ಮಾತ್ರ ಐಚ್ಛಿಕ. ಬಜೆಟ್‌ಗೆ ಕತ್ತರಿ ಬಿದ್ದಾಗ ಕಡ್ಡಾಯದ್ದು ಉಳಿಯಿತು, ಐಚ್ಛಿಕದ್ದು ಹೋಯಿತು. ಅಜ್ಜಿಯ ಕೈಯಲ್ಲಿ ಉಚಿತ ಪಾಸ್ ಇತ್ತು, ಊರಿಗೆ ಬಸ್ ಇರಲಿಲ್ಲ.

ತೇಪೆ, ತೆರಿಗೆ, ಸ್ಟೇರಿಂಗ್

ಈಗ ಕೇಂಬ್ರಿಡ್ಜ್‌ಶೈರ್‌ಗೆ ವಾಪಸ್ ಬರೋಣ. ಅಲ್ಲಿ ಬಸ್ ಜವಾಬ್ದಾರಿ ಇದ್ದದ್ದು ಕೇಂಬ್ರಿಡ್ಜ್‌ಶೈರ್ ಮತ್ತು ಪೀಟರ್‌ಬರೋ ಕಂಬೈನ್ಡ್ ಅಥಾರಿಟಿಗೆ. ಏಳು ಸ್ಥಳೀಯ ಕೌನ್ಸಿಲ್‌ಗಳು ಸೇರಿ 2017ರಲ್ಲಿ ಆದ ಒಕ್ಕೂಟ ಇದು. ಮೇಯರ್ ಅನ್ನು ಜನರೇ ನೇರವಾಗಿ ಆರಿಸ್ತಾರೆ. ಆಗ ಮೇಯರ್ ಆಗಿದ್ದವರು ಲೇಬರ್ ಪಕ್ಷದ ನಿಕ್ ಜಾನ್ಸನ್, ವೃತ್ತಿಯಲ್ಲಿ ಮಕ್ಕಳ ವೈದ್ಯರು.

ಮೊದಲ ಹೆಜ್ಜೆ ತೇಪೆಯದ್ದು. ಅಥಾರಿಟಿ ತುರ್ತಾಗಿ ಟೆಂಡರ್ ಕರೆದು, ತನ್ನ ಹಣ ಹಾಕಿ, ಆ 18ರಲ್ಲಿ ಬಹುತೇಕ ರೂಟ್‌ಗಳನ್ನು ಬೇರೆ ಬೇರೆ ಆಪರೇಟರ್‌ಗಳ ಮೂಲಕ ಉಳಿಸಿಕೊಂಡಿತು. ಆದರೆ ತುರ್ತು ಹಣ ಎಷ್ಟು ದಿನ ಬಂದೀತು?

ಹಾಗಾಗಿ ಎರಡನೇ ಹೆಜ್ಜೆ ತೆರಿಗೆ. 2023ರ ಆರಂಭದಲ್ಲಿ ಅಲ್ಲಿನ ಮನೆ ತೆರಿಗೆಯಾದ ಕೌನ್ಸಿಲ್ ಟ್ಯಾಕ್ಸ್ ಮೇಲೆ ಮೇಯರ್ ಪಾಲು ಅಂತ ಹೊಸದೊಂದು ಸಾಲು ಸೇರಿತು. ಮಧ್ಯಮ ವರ್ಗದ 'ಬ್ಯಾಂಡ್ ಡಿ' ಮನೆಗೆ ವರ್ಷಕ್ಕೆ 12 ಪೌಂಡ್, ಅಂದರೆ ಸುಮಾರು 1,200 ರೂಪಾಯಿ. ಒಟ್ಟು ಸುಮಾರು 36 ಲಕ್ಷ ಪೌಂಡ್. ಮರು ವರ್ಷ ಅದು 36 ಪೌಂಡ್‌ಗೆ ಏರಿತು. ಇದು ಬಸ್ಸಿಗೆ ಅಂತ ಹೇಳಿಯೇ ತಗೊಂಡ ಹಣ. ಸುಮ್ಮನೆ ಖಜಾನೆಗೆ ಹಾಕಿಕೊಂಡದ್ದಲ್ಲ.

ವಿರೋಧ ಬರಲಿಲ್ಲವೇ? ಬಂತು, ಮತ್ತು ಅದರಲ್ಲಿ ಹುರುಳಿತ್ತು. ಬಸ್ಸನ್ನೇ ಹತ್ತದವರು ಯಾಕೆ ಕೊಡಬೇಕು? ಜೀವನ ವೆಚ್ಚ ಏರುತ್ತಿರುವಾಗ ಒಂದೇ ವರ್ಷದಲ್ಲಿ ಮೂರು ಪಟ್ಟು ಏರಿಕೆಯೇ? ಕೌನ್ಸಿಲ್ ಟ್ಯಾಕ್ಸ್ ಆದಾಯ ನೋಡಿ ಹಾಕುವ ತೆರಿಗೆಯೂ ಅಲ್ಲ, ಮನೆಯ ಹಳೇ ಮೌಲ್ಯ ನೋಡಿ ಹಾಕೋದು. ಬಡವನಿಗೆ ಹೊರೆ ಹೆಚ್ಚು. ಇದನ್ನು ಎಡಪಂಥೀಯರೂ ಒಪ್ತಾರೆ.

ನನ್ನ ಪ್ರಕಾರ ಇದಕ್ಕಿಂತ ಗಟ್ಟಿಯಾದ ತಕರಾರು ಇನ್ನೊಂದಿದೆ. ಎಂಜಿನಿಯರಿಂಗ್ ಓದಿದ ಅಭ್ಯಾಸಬಲ, ಒಂದು ಲೆಕ್ಕ ಹಾಕಿ ನೋಡೋಣ. ಒಬ್ಬಾಕೆ ಬೆಳಗ್ಗೆ 8ರ ಬಸ್ಸಿಗೆ ಕೆಲಸಕ್ಕೆ ಹೋಗಿ ರಾತ್ರಿ 8ರ ಬಸ್ಸಿಗೆ ವಾಪಸ್ ಬರ್ತಾಳೆ. ಬೆಳಗಿನ ಬಸ್ ತುಂಬಿರುತ್ತೆ, ಅದು ಕಂಪನಿಯ ಲಾಭದ ಟ್ರಿಪ್. ರಾತ್ರಿಯದ್ದು ಖಾಲಿ, ಕಂಪನಿ ಅದನ್ನು ಕೈಬಿಡುತ್ತೆ. ಕೌನ್ಸಿಲ್ ಟೆಂಡರ್ ಕರೆದು ಆ ರಾತ್ರಿ ಟ್ರಿಪ್‌ಗೆ ಹಣ ಕೊಡುತ್ತೆ. ಆದರೆ ವಾಪಸ್ ಬರಲು ಬಸ್ ಇದೆ ಅನ್ನೋ ಧೈರ್ಯದ ಮೇಲೆ ತಾನೇ ಆಕೆ ಬೆಳಗ್ಗೆ ಬಸ್ ಹತ್ತಿದ್ದು? ರಾತ್ರಿ ಟ್ರಿಪ್ಪಿನ ನಷ್ಟ ಸಾರ್ವಜನಿಕರದ್ದು, ಅದರಿಂದ ಹುಟ್ಟಿದ ಬೆಳಗಿನ ಟಿಕೆಟ್ ಕಂಪನಿಯದ್ದು. ಬಸ್ ವ್ಯವಸ್ಥೆ ಅನ್ನೋದು ಬಿಡಿ ರೂಟ್‌ಗಳ ಪಟ್ಟಿ ಅಲ್ಲ, ಒಂದು ಜಾಲ. ಜಾಲದ ಒಂದೊಂದೇ ಎಳೆಗೆ ಲಾಭ ನಷ್ಟ ಬರೆಯುತ್ತಾ ಹೋದರೆ ಲೆಕ್ಕ ಯಾವಾಗಲೂ ಒಂದೇ ಕಡೆ ವಾಲುತ್ತೆ. ಇದರ ಮೇಲೆ, ಆ ಭಾಗದಲ್ಲಿ ಡಿಪೋ ಇರುವ ಕಂಪನಿ ಒಂದೇ ಆಗಿದ್ದರೆ ಟೆಂಡರ್‌ನಲ್ಲಿ ಪೈಪೋಟಿಯೂ ಇರಲ್ಲ.

ಅಲ್ಲಿಂದ ಮೂರನೇ ಹೆಜ್ಜೆ. 2025ರ ಫೆಬ್ರವರಿಯಲ್ಲಿ ಜಾನ್ಸನ್ ಬಸ್ ಫ್ರಾಂಚೈಸಿಂಗ್‌ಗೆ ಹೋಗುವ ತೀರ್ಮಾನ ಪ್ರಕಟಿಸಿದರು. ಈ ಪದ್ಧತಿಯಲ್ಲಿ ರೂಟ್, ವೇಳಾಪಟ್ಟಿ, ದರ ಎಲ್ಲವನ್ನೂ ತೀರ್ಮಾನಿಸೋದು ಸ್ಥಳೀಯ ಸಂಸ್ಥೆ. ಖಾಸಗಿಯವರು ಗುತ್ತಿಗೆ ಪಡೆದು ಓಡಿಸ್ತಾರೆ ಅಷ್ಟೇ. ನಮ್ಮಲ್ಲಿ ಬಿಎಂಟಿಸಿಯ ಎಲೆಕ್ಟ್ರಿಕ್ ಬಸ್‌ಗಳನ್ನು ಖಾಸಗಿ ಕಂಪನಿಗಳು ಕಿಲೋಮೀಟರ್ ಲೆಕ್ಕದಲ್ಲಿ ಓಡಿಸ್ತಾವಲ್ಲ, ಹೆಚ್ಚು ಕಡಿಮೆ ಹಾಗೆ. ಲಂಡನ್ ಹೊರಗೆ ಈ ದಾರಿ ಮೊದಲು ಹಿಡಿದದ್ದು ಗ್ರೇಟರ್ ಮ್ಯಾಂಚೆಸ್ಟರ್. ಬಸ್ ಕಂಪನಿಗಳು ಕೋರ್ಟಿಗೆ ಹೋದವು, ಸೋತವು. ಮೇಯರ್ ಆಂಡಿ ಬರ್ನ್‌ಹ್ಯಾಮ್ 2023ರ ಸೆಪ್ಟೆಂಬರ್‌ನಲ್ಲಿ ಶುರು ಮಾಡಿದ 'ಬೀ ನೆಟ್‌ವರ್ಕ್' 2025ರ ಜನವರಿಗೆ ಇಡೀ ನಗರ ಪ್ರದೇಶವನ್ನು ಒಳಗೊಂಡಿತು.

ಕೇಂಬ್ರಿಡ್ಜ್‌ಶೈರ್ ಕಥೆಗೆ ಸಿನಿಮಾ ಕ್ಲೈಮ್ಯಾಕ್ಸ್ ಇಲ್ಲ. ಜಾನ್ಸನ್ ಮತ್ತೆ ಸ್ಪರ್ಧಿಸಲಿಲ್ಲ. 2025ರ ಮೇ ಚುನಾವಣೆಯಲ್ಲಿ ಕನ್ಸರ್ವೇಟಿವ್ ಪಕ್ಷದ ಪಾಲ್ ಬ್ರಿಸ್ಟೋ ಗೆದ್ದು ಮೇಯರ್ ಆದರು. ಅದೂ ಸರಿಯೇ. ತೆರಿಗೆ ಹಾಕುವ ಅಧಿಕಾರ ಇದ್ದವರನ್ನು ನಾಲ್ಕು ವರ್ಷಕ್ಕೊಮ್ಮೆ ಕೇಳುವ ಅಧಿಕಾರ ಜನರಿಗೂ ಇದೆ ಅಂತಾಯ್ತು.

ಕೊಪ್ಪದಲ್ಲಿ ಕೇಳಿದ್ದು ಯಾರನ್ನು?

ಇಷ್ಟು ಓದಿ ನಿಮಗನಿಸಬಹುದು, ನಮಗೇನು ಸಂಬಂಧ, ನಮ್ಮಲ್ಲಿ ಕೆಎಸ್ಆರ್‌ಟಿಸಿ ಇದೆಯಲ್ಲ ಅಂತ. ಇದೆ, ಅದು ಸಣ್ಣ ವಿಷಯವಲ್ಲ. ಲಾಭದ ರೂಟಿನ ಹಣದಲ್ಲಿ ನಷ್ಟದ ರೂಟ್ ಓಡಿಸುವ ವ್ಯವಸ್ಥೆಯನ್ನು ನಾವು ಒಡೆಯಲಿಲ್ಲ. ಆದರೆ ಇಡೀ ಕರ್ನಾಟಕ ಕೆಎಸ್ಆರ್‌ಟಿಸಿಯ ಕರ್ನಾಟಕ ಅಲ್ಲ. ಕರಾವಳಿಯಲ್ಲಿ, ಮಲೆನಾಡಿನ ಹಲವು ಕಡೆ ಊರು ನಡೆಯೋದೇ ಖಾಸಗಿ ಬಸ್ಸಿನ ಮೇಲೆ.

ಚಿಕ್ಕಮಗಳೂರು ಜಿಲ್ಲೆಯ ಕೊಪ್ಪದ 'ಸಹಕಾರ ಸಾರಿಗೆ' ನೆನಪಿರಬಹುದು. ಶಂಕರ್ ಟ್ರಾನ್ಸ್‌ಪೋರ್ಟ್‌ನ ಕಾರ್ಮಿಕರು 1991ರಲ್ಲಿ ತಾವೇ ಸಹಕಾರ ಸಂಘ ಕಟ್ಟಿ ಬಸ್ ಓಡಿಸಿದರು. ಚಾಲಕ, ನಿರ್ವಾಹಕ, ಮೆಕ್ಯಾನಿಕ್ ಎಲ್ಲರೂ ಮಾಲೀಕರೇ. ಸುಮಾರು ಮೂರು ದಶಕ ಮಲೆನಾಡಿನ ಅಂಕುಡೊಂಕು ರಸ್ತೆಗಳಲ್ಲಿ ಓಡಿದ ಆ ಬಸ್‌ಗಳು ನಷ್ಟದ ಭಾರಕ್ಕೆ 2020ರ ಫೆಬ್ರವರಿಯಲ್ಲಿ ನಿಂತವು. ಕೋವಿಡ್ ಇನ್ನೂ ಬಂದಿರಲಿಲ್ಲ.

ಅವತ್ತು ಅಲ್ಲಿನ ಜನ ಯಾರನ್ನು ಕೇಳಬೇಕಿತ್ತು? ಖಾಸಗಿ ಬಸ್ಸಿಗೆ ಪರ್ಮಿಟ್ ಕೊಡೋದು ಜಿಲ್ಲಾಧಿಕಾರಿ ಅಧ್ಯಕ್ಷತೆಯ ಪ್ರಾದೇಶಿಕ ಸಾರಿಗೆ ಪ್ರಾಧಿಕಾರ. ನಾವು ಆರಿಸಿದವರಲ್ಲ. ಸರ್ಕಾರಿ ಬಸ್ ಬೇಕು ಅಂದರೆ ನಿಗಮದ ವಿಭಾಗೀಯ ನಿಯಂತ್ರಣಾಧಿಕಾರಿ. ಅವರೂ ನಾವು ಆರಿಸಿದವರಲ್ಲ. ನಾವು ಆರಿಸಿದ ಗ್ರಾಮ ಪಂಚಾಯಿತಿ ಏನು ಮಾಡಬಲ್ಲದು? ಒಂದು ಠರಾವು ಪಾಸ್ ಮಾಡಿ ಮನವಿ ಪತ್ರ ಕಳಿಸಬಲ್ಲದು. ಮನೆ ಕಂದಾಯದ ಜೊತೆ ಗ್ರಂಥಾಲಯಕ್ಕೆ ಸೆಸ್ ತಗೊಳ್ಳುವ ಪಂಚಾಯಿತಿಗೆ, ಆ ಗ್ರಂಥಾಲಯಕ್ಕೆ ಹೋಗೋ ಬಸ್ಸಿನ ಬಗ್ಗೆ ಹೇಳಲು ಏನೂ ಇಲ್ಲ. ಇನ್ನು ಜಿಲ್ಲಾ ಪಂಚಾಯಿತಿ, ತಾಲ್ಲೂಕು ಪಂಚಾಯಿತಿಗಳ ಕಥೆ ಬಿಡಿ. 2021ರಲ್ಲಿ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಅವಕ್ಕೆ ಚುನಾವಣೆಯೇ ನಡೆಯಲಿಲ್ಲ.

ಈ ಹಿನ್ನೆಲೆಯಲ್ಲಿ ಶಕ್ತಿ ಯೋಜನೆಯನ್ನೂ ನೋಡಬೇಕು. 2023ರ ಜೂನ್ 11ರಂದು ಶುರುವಾದ ಇದರಡಿ 2025ರ ಜುಲೈ ಹೊತ್ತಿಗೆ 500 ಕೋಟಿ ಉಚಿತ ಪ್ರಯಾಣಗಳಾದವು. ಕೆಲಸಕ್ಕೆ, ಆಸ್ಪತ್ರೆಗೆ, ತವರಿಗೆ ಯಾರ ಕೈಯನ್ನೂ ಕಾಯದೆ ಹೋಗಿಬಂದ ಹೆಣ್ಣುಮಕ್ಕಳ ಲೆಕ್ಕ ಅದು. ಅದನ್ನು ಬಿಟ್ಟಿ ಅಂತ ಹಂಗಿಸುವವರ ಜೊತೆ ನಾನಿಲ್ಲ. ಆದರೆ ಸರ್ಕಾರಿ ಬಸ್ ಬರದ ಊರಿನ ಹೆಣ್ಣುಮಗಳಿಗೆ ಈ ಹಕ್ಕು ಆಧಾರ್ ಕಾರ್ಡಿನಲ್ಲೇ ಉಳಿಯುತ್ತೆ. ಇಂಗ್ಲೆಂಡಿನ ಅಜ್ಜಿಯ ಪಾಸ್‌ನಂತೆ. ಟಿಕೆಟ್ ಉಚಿತ ಮಾಡುವ ಅಧಿಕಾರ ಮೇಲಿನವರಿಗಿದೆ, ಬಸ್ ಬಂತಾ ಇಲ್ವಾ ಅಂತ ನೋಡುವ ಅಧಿಕಾರ ಕೆಳಗೆ ಯಾರಿಗೂ ಇಲ್ಲ.

ಹಾಗಾದರೆ ಪಂಚಾಯಿತಿ ತೆರಿಗೆ ಹಾಕಬೇಕಾ?

ಇಲ್ಲ, ಇಂಗ್ಲೆಂಡಿನ ನಕಲು ಬೇಡ. ಬಡ ತಾಲ್ಲೂಕುಗಳಿಗೆ 'ನಿಮ್ಮ ಬಸ್ಸಿಗೆ ನೀವೇ ದುಡ್ಡು ಹಾಕಿಕೊಳ್ಳಿ' ಅನ್ನೋದು ಅನ್ಯಾಯ. ಯಾದಗಿರಿಗೂ ಮಂಗಳೂರಿಗೂ ಒಂದೇ ಅಳತೆ ಆಗಲ್ಲ. ಹಣ ರಾಜ್ಯದಿಂದಲೇ ಬರಬೇಕು. ಆದರೆ ಕೇಂಬ್ರಿಡ್ಜ್‌ಶೈರ್‌ನಿಂದ ನಾವು ತಗೊಳ್ಳಬಹುದಾದ್ದು ಮೂರಿದೆ.

ಒಂದು, ನೋಟಿಸ್. ಖಾಸಗಿಯಾಗಲಿ ಸರ್ಕಾರಿಯಾಗಲಿ, ಒಂದು ರೂಟ್ ಅಥವಾ ಟ್ರಿಪ್ ನಿಲ್ಲಿಸುವ ಮೊದಲು ಆ ದಾರಿಯ ಪಂಚಾಯಿತಿಗಳಿಗೆ ಲಿಖಿತವಾಗಿ ತಿಳಿಸಬೇಕು. ಈಗ ನಮಗೆ ಗೊತ್ತಾಗೋದು ಬಸ್ ಬರದ ದಿನ, ಸ್ಟಾಪಿನಲ್ಲಿ ಅರ್ಧ ಗಂಟೆ ನಿಂತ ಮೇಲೆ.

ಎರಡು, ಲೆಕ್ಕ. ಯಾವ ರೂಟಿಗೆ ಎಷ್ಟು ನಷ್ಟ ಅನ್ನೋದು ಸಾರ್ವಜನಿಕರಿಗೆ ಸಿಗಬೇಕು. 'ಆದಾಯ ಇಲ್ಲ' ಅನ್ನೋ ಎರಡು ಪದದ ಉತ್ತರವನ್ನು ನಂಬಬೇಕೋ ಬೇಡವೋ ಅಂತ ಗ್ರಾಮಸಭೆಯೇ ತೀರ್ಮಾನಿಸಲಿ.

ಮೂರು, ಹೆಸರಿಟ್ಟ ಹಣ. ರಾಜ್ಯದ ಸಾರಿಗೆ ಅನುದಾನದ ಒಂದು ಪಾಲು, ಎಷ್ಟೇ ಸಣ್ಣದಿರಲಿ, ತಮ್ಮ ಭಾಗದ ಯಾವ ಟ್ರಿಪ್ ಉಳಿಯಬೇಕು ಅಂತ ಜಿಲ್ಲಾ ಪಂಚಾಯಿತಿಗಳು ತೀರ್ಮಾನಿಸುವಂತೆ ಅವುಗಳ ಕೈಗೆ ಬರಬೇಕು. ಸಂಜೆ ಕಾಲೇಜು ಬಿಡುವ ಹೊತ್ತಿನ ಬಸ್ಸೋ, ಸಂತೆ ದಿನದ ಬಸ್ಸೋ ಅನ್ನೋದು ಬೆಂಗಳೂರಿನಲ್ಲಿ ಕೂತವರಿಗೆ ಗೊತ್ತಾಗಲ್ಲ.

ನಾನು ಓದುವಾಗ ನಮ್ಮೂರಿಗೆ ಸಂಜೆಯ ಕೊನೇ ಬಸ್ ಒಂದು ದಿನ ಹೇಳದೆ ಕೇಳದೆ ನಿಂತಿತು. ಹುಡುಗರು ನಾವು ಸೇರಿ ಮನವಿ ಬರೆದು, ಸಹಿ ಸಂಗ್ರಹಿಸಿ, ಕಚೇರಿಯಲ್ಲಿ ಕೊಟ್ಟು, ಸ್ವೀಕೃತಿ ಸೀಲ್ ಹಾಕಿಸಿಕೊಂಡು ಬಂದೆವು. ಹುಡುಗರಿಗೆ ಸಾಲ ಮಾಡಿಯಾದರೂ ಬೈಕ್ ಬಂತು. ಜೊತೆಗೆ ಬರುತ್ತಿದ್ದ ಹುಡುಗಿಯರಲ್ಲಿ ಇಬ್ಬರು ಕಾಲೇಜು ಬಿಟ್ಟರು. ಆ ಸೀಲ್ ಬಿದ್ದ ಪ್ರತಿ ತುಂಬಾ ದಿನ ನನ್ನ ಫೈಲಿನಲ್ಲಿತ್ತು.

ಜಿಲ್ಲಾ ಪಂಚಾಯಿತಿ ಚುನಾವಣೆ ಯಾವತ್ತಾದರೂ ನಡೆದೇ ನಡೆಯುತ್ತೆ. ಓಟು ಕೇಳಲು ಬಂದವರು ರಸ್ತೆ, ಚರಂಡಿ, ಬೀದಿ ದೀಪದ ಮಾತಾಡ್ತಾರೆ. ಅವರನ್ನು ಒಂದು ನಿಮಿಷ ನಿಲ್ಲಿಸಿ ಕೇಳಿ: ನಮ್ಮೂರಿನ ಬಸ್ ನಿಂತರೆ ನೀವು ಏನು ಮಾಡ್ತೀರಿ? 'ಮನವಿ ಕೊಡ್ತೀನಿ' ಅಂದರೆ, ಅದನ್ನು ನಾವೇ ಕೊಡಬಲ್ಲೆವು ಅಂತ ಹೇಳಿ.