ಓರೆ ನಿಂತ ದಪ್ಪಕ್ಷರ

ನಮ್ಮ ಅತ್ತೆ ಕೆಂಕೆರೆಯ ಹೆಂಗಸು. ಓದಿದ್ದು ನಾಲ್ಕನೇ ಕ್ಲಾಸು. ಆದರೆ ತಿಪಟೂರಿನ ಮಂಡಿಯಿಂದ ಕೊಬ್ಬರಿ ಪಟ್ಟಿ ಬಂದರೆ ತೂಕ, ದರ, ಹಮಾಲಿ ಎಲ್ಲವನ್ನೂ ಬೆರಳಿಟ್ಟು ಓದಿ, ನಮ್ಮ ಮಾವನವರು ಕೂಡಿದ ಲೆಕ್ಕದಲ್ಲಿ ತಪ್ಪು ಹಿಡಿಯುತ್ತಿದ್ದರು. ಅಂಥವರೂ ಒಂದು ವರ್ಷ ಮೋಸ ಹೋದರು. ಮೋಸ ಮಾಡಿದ್ದು ಅಕ್ಷರ ಎಂದರೆ ನೀವು ನಗುತ್ತೀರಿ. ನಕ್ಕುಬಿಡಿ, ಆಮೇಲೆ ಕೇಳಿ.

ಬೋರ್‌ವೆಲ್ ಬತ್ತಿದ ವರ್ಷ ಅದು. ಮೊಮ್ಮಗಳ ಕಾಲೇಜಿನ ಫೀಸಿಗೆ ದುಡ್ಡು ಬೇಕಿತ್ತು. ಪೇಟೆಯ ಒಂದು ಸಾಲದಂಗಡಿಯವರು ಹಂಚಿದ ಕರಪತ್ರವನ್ನು ಅತ್ತೆ ಮಡಿಸಿ ಎಲೆಅಡಿಕೆ ಚೀಲದಲ್ಲಿ ಇಟ್ಟುಕೊಂಡಿದ್ದರು. ಕ್ಷಣದಲ್ಲಿ ಚಿನ್ನದ ಸಾಲ, ಕಡಿಮೆ ಬಡ್ಡಿ ಎಂದು ಅದರಲ್ಲಿ ಹೆಬ್ಬೆರಳು ಗಾತ್ರದ ಅಕ್ಷರ. ಕಪ್ಪಗೆ, ದಪ್ಪಗೆ, ಬಲಕ್ಕೆ ವಾಲಿಕೊಂಡು, ಈಗಲೇ ಓಡಿಬಂದು ಕೈ ಹಿಡಿಯುತ್ತೇನೆ ಎನ್ನುವ ಹಾಗೆ. ಮೂರು ತಿಂಗಳು ಕಳೆದರೆ ಬಡ್ಡಿ ಏರುತ್ತದೆ ಎಂಬ ಮಾತೂ ಇತ್ತು. ತಳದಲ್ಲಿ, ಸಾಸಿವೆ ಕಾಳಿನಷ್ಟು. ಹರಾಜಿನ ನೋಟೀಸು ಬಂದ ಮೇಲೆಯೇ ನಾವು ಅದನ್ನು ಕಂಡದ್ದು. ಅಟ್ಟಕ್ಕೇರಿಸಿದ ಕಾಯಿ ಕೊಬ್ಬರಿಯಾಗಲು ಹತ್ತಿರ ಹತ್ತಿರ ಒಂದು ವರ್ಷ ಬೇಕು. ಅರ್ಧಕ್ಕೇ ಇಳಿಸಿ, ಕೇಳಿದ ಬೆಲೆಗೆ ಕೊಟ್ಟು, ಎರಡೆಳೆ ಸರ ಬಿಡಿಸಿಕೊಂಡೆವು.

ಅಂದಿನಿಂದ ಈ ಓರೆ ದಪ್ಪಕ್ಷರದ ಮೇಲೆ ನನ್ನ ಕಣ್ಣು. ಇಂಗ್ಲಿಷಿನಲ್ಲಿ ಇದಕ್ಕೆ ದೊಡ್ಡ ಮನೆತನವಿದೆ. ಅಕ್ಷರದ ತುದಿಗಳಿಗೆ ಹಲಗೆ ತುಂಡು ಬಡಿದಂಥ ಚೌಕನೆಯ ಪಾದ. ಅದನ್ನು ಸ್ಲ್ಯಾಬ್ ಸೆರಿಫ್ ಎನ್ನುತ್ತಾರೆ. 1810ರ ದಶಕದಲ್ಲಿ ಲಂಡನ್ನಿನ ವಿನ್ಸೆಂಟ್ ಫಿಗಿನ್ಸ್ ಎಂಬ ಅಚ್ಚುಮೊಳೆ ಎರಕದವನು ಅಂಥ ಮೊಳೆಗಳನ್ನು ಮಾರಾಟಕ್ಕಿಟ್ಟ. ಕಾರ್ಖಾನೆಯ ಮಾಲು ಹೆಚ್ಚಿ, ಗೋಡೆಗೋಡೆಗೂ ಜಾಹೀರಾತು ಅಂಟಿಸುತ್ತಿದ್ದ ಕಾಲ. ಬೀದಿಯ ಆಚೆ ಬದಿಗೂ ಕಾಣುವ ಅಕ್ಷರ ಬೇಕಿತ್ತು. ವಾಲುವ ಇಟಾಲಿಕ್ ಅದಕ್ಕಿಂತ ಮುನ್ನೂರು ವರ್ಷ ಹಳೆಯದು. 1501ರಲ್ಲಿ ವೆನಿಸ್ಸಿನ ಆಲ್ಡಸ್ ಮನೂಷಿಯಸ್ ಕೈಬರಹದ ಧಾಟಿಯ ಆ ಅಕ್ಷರದಲ್ಲಿ ಪುಟ್ಟ ಪುಸ್ತಕ ಅಚ್ಚುಹಾಕಿದ. ಒಂದು ಸಂತೆಯ ಕೂಗು, ಇನ್ನೊಂದು ಕಿವಿಯ ಹತ್ತಿರದ ಮಾತು. ಎರಡನ್ನೂ ಬೆರೆಸಿ ಮಸಿ ತುಂಬಿದರೆ ಓಡುತ್ತಾ ಕೂಗುವ ಅಕ್ಷರವಾಗುತ್ತದೆ. ಕಬಡ್ಡಿ ಪಂದ್ಯದ ಪೋಸ್ಟರಿಗೆ, ಲಾರಿಯ ಹಣೆಗೆ, ಜಾತ್ರೆಯ ನಾಟಕದ ಹೆಸರಿಗೆ ಬಲು ಚೆನ್ನ. ಮೂರು ಪದಕ್ಕೆ ಸೊಗಸು, ಮೂವತ್ತು ಪದಕ್ಕೆ ತಲೆನೋವು.

ಕನ್ನಡಕ್ಕೆ ಆ ಮನೆತನವೇ ಇಲ್ಲ. ನಮ್ಮ ಅಕ್ಷರ ದುಂಡು. ತಲೆಕಟ್ಟು ಮೇಲೆ, ಒತ್ತು ಕೆಳಗೆ. 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್‌ನವರು ತಂದ ಕಿಟೆಲರ ನಿಘಂಟಿನಂಥ ಭಾರೀ ಹೊತ್ತಗೆಯಲ್ಲೂ ಕನ್ನಡ ಪದಗಳು ನೆಟ್ಟಗೇ ನಿಂತಿವೆ. ಮೊಳೆ ಜೋಡಿಸುವ ಕಾಲದಲ್ಲಿ ಓರೆ ಬೇಕೆಂದರೆ ಬೇರೆ ಮೊಳೆಯನ್ನೇ ಎರಕ ಹೊಯ್ಯಬೇಕಿತ್ತು. ಡಿಟಿಪಿ ಬಂದ ಮೇಲೆ ಒಂದು ಗುಂಡಿ ಒತ್ತಿದರೆ ಸಾಕು, ಬಿರುಗಾಳಿಗೆ ಸಿಕ್ಕ ತೆಂಗಿನ ತೋಟದ ಹಾಗೆ ಸಾಲೆಲ್ಲ ವಾಲುತ್ತದೆ. ತಲೆಕಟ್ಟು ಬಲಕ್ಕೆ ಜಾರುತ್ತದೆ, ಒತ್ತು ಎಡಕ್ಕೆ ಸರಿಯುತ್ತದೆ. ದಪ್ಪ ಮಾಡಿದಷ್ಟೂ ಸಂದುಗಳು ಮುಚ್ಚುತ್ತವೆ. ದನಕ್ಕೂ ಧನಕ್ಕೂ ನಡುವೆ ಇರುವುದು ಒಂದು ಸಣ್ಣ ಸೀಳು. ಅದಕ್ಕೆ ಮಸಿ ತುಂಬಿದರೆ ಕೊಟ್ಟಿಗೆಯಲ್ಲಿರುವುದು ಯಾವುದು, ಪೆಟ್ಟಿಗೆಯಲ್ಲಿರುವುದು ಯಾವುದು, ನೀವೇ ಹೇಳಿ! ವಯಸ್ಸಾದ ಕಣ್ಣಿಗೆ 3 ಕೂಡ 8 ಆಗುತ್ತದೆ.

"ಜನ ಅದನ್ನೇ ಕೇಳ್ತಾರಲ್ಲ ಮೇಡಂ" ಎಂದ ಡಿಟಿಪಿ ಅಂಗಡಿಯ ಹುಡುಗ. ಸುಳ್ಳಲ್ಲ. ಮಗಳ ಲಗ್ನಪತ್ರಿಕೆಗೆ ನಾನೂ ಅದನ್ನೇ ಕೇಳಿದವಳು. ಹೆಸರುಗಳು ದಪ್ಪಗೆ ಓರೆಯಾಗಿ ಮೆರೆದವು. ಮುಹೂರ್ತದ ವೇಳೆ ಮಾತ್ರ ಮೂಲೆ ಸೇರಿತು. ಬಂಧುಗಳೆಲ್ಲ ಫೋನ್ ಮಾಡಿ ಕೇಳಿದರು. ಅಲ್ಲಿ ಆದದ್ದು ನಗುವ ವಿಷಯ. ಸಾಲದ ಕಾಗದದಲ್ಲಿ ಅದೇ ಚಾಳಿ ಬಂದರೆ ಅದು ನಗುವ ವಿಷಯವಲ್ಲ. ಆಸೆ ಹುಟ್ಟಿಸುವ ಮಾತಿಗೆ ದಪ್ಪಕ್ಷರ, ಎಚ್ಚರಿಸುವ ಮಾತಿಗೆ ಸಾಸಿವೆ ಅಕ್ಷರ ಎಂದು ಹಂಚಿದವರು ಏನೂ ತಿಳಿಯದೆ ಹಂಚಿದ್ದಾರೆಂದು ನಾನು ನಂಬುವುದಿಲ್ಲ.

ಬಡ್ಡಿ ಎಷ್ಟು, ಕಂತು ಯಾವಾಗ, ತಪ್ಪಿದರೆ ಏನು. ಈ ಮೂರು ಮಾತಿಗೆ ಮೊದಲು ದಪ್ಪಕ್ಷರ ಕೊಡಲಿ. ಅದೂ ನೆಟ್ಟಗೆ ನಿಂತ ಅಕ್ಷರ. 2024ರ ಅಕ್ಟೋಬರ್ 1ರಿಂದ ಬ್ಯಾಂಕುಗಳು, ಫೈನಾನ್ಸ್ ಕಂಪನಿಗಳು ಕೊಡುವ ಹೊಸ ಚಿಲ್ಲರೆ ಸಾಲಗಳಿಗೆ ಬಡ್ಡಿ, ಖರ್ಚು ಎಲ್ಲ ಸೇರಿದ ಮುಖ್ಯಾಂಶಗಳ ಪತ್ರವನ್ನು ಸಾಲಗಾರರಿಗೆ ಅರ್ಥವಾಗುವ ಭಾಷೆಯಲ್ಲೇ ಕೊಡಬೇಕೆಂದು ರಿಸರ್ವ್ ಬ್ಯಾಂಕ್ ವಿಧಿಸಿದೆ. ಒಡವೆ ಬಿಚ್ಚುವ ಮೊದಲು ಆ ಪತ್ರವನ್ನು ಕೇಳಿ ಪಡೆಯಿರಿ. ಕೇಳಲು ನಾಚಿಕೆ ಬೇಡ.

ಅತ್ತೆ ಈಗ ಯಾವ ಕರಪತ್ರ ಬಂದರೂ ಮೊದಲು ಕನ್ನಡಕ ಹುಡುಕುತ್ತಾರೆ. ಆಮೇಲೆ ಕೆಳಗಿನ ಸಾಲಿನಿಂದ ಓದಲು ಶುರುಮಾಡುತ್ತಾರೆ.