ಅರ್ಧ ಲೆಕ್ಕದ ನ್ಯಾಯ

ನಾವು ದಿನವೂ ಲೋಕಲ್ ಹಿಡಿದು ಓಡಾಡುವ ಈ ಸೀಮೆಯಲ್ಲೇ ಮೂರು ಜೈಲುಗಳಿವೆ. ಠಾಣೆಯದು ಹಳೆಯ ಕೋಟೆಯೊಳಗೆ, ಕಲ್ಯಾಣದ್ದು ಆಧಾರವಾಡಿಯಲ್ಲಿ, ನವಿ ಮುಂಬೈಯದು ತಳೋಜಾದಲ್ಲಿ. ಒಳಗಿರುವವರ ಬಗ್ಗೆ ನಮಗೆ ಗೊತ್ತಿರುವುದು ಕಡಿಮೆ, ಆದರೆ ತೀರ್ಪು ಮಾತ್ರ ನಾಲಿಗೆಯ ತುದಿಯಲ್ಲೇ ಇರುತ್ತದೆ.

ಡೊಂಬಿವಲಿಯ ನಮ್ಮ ಕನ್ನಡಿಗರ ವಾಟ್ಸಾಪ್ ಗುಂಪಿಗೆ ಮೊನ್ನೆ ಒಂದು ಅಂಕಿ ಬಂತು. ಮಹಾರಾಷ್ಟ್ರದ ಜನಸಂಖ್ಯೆಯಲ್ಲಿ ಮುಸ್ಲಿಮರು ಸುಮಾರು ಶೇ. 11, ಜೈಲುಗಳಲ್ಲಿ ಹತ್ತಿರಹತ್ತಿರ ಮೂರನೇ ಒಂದು ಭಾಗ. ಹಿರಿಯರೊಬ್ಬರು ಬರೆದರು: ‘ನೋಡಿ, ಅಪರಾಧ ಮಾಡುವವರು ಯಾರು ಅಂತ ಅಂಕಿಯೇ ಹೇಳುತ್ತಿದೆ.’ ಅವರ ಮಗಳ ವಯಸ್ಸಿನ ಇನ್ನೊಬ್ಬರು ಬರೆದರು: ‘ನೋಡಿ ಅಂಕಲ್, ಪೊಲೀಸರು ಎಂಥವರು ಅಂತ ಅಂಕಿಯೇ ಹೇಳುತ್ತಿದೆ.’ ಅಂಕಿ ಪಾಪ, ಎರಡನ್ನೂ ಹೇಳಿರಲಿಲ್ಲ.

ಈ ಚರ್ಚೆಗೆ ಬುನಾದಿ ಹಾಕಿದ್ದು ಟಾಟಾ ಸಮಾಜ ವಿಜ್ಞಾನ ಸಂಸ್ಥೆಯ ವಿಜಯ್ ರಾಘವನ್ ಮತ್ತು ರೋಶ್ನಿ ನಾಯರ್ ಅವರ ಅಧ್ಯಯನ. ಅವರು ಜೈಲುಗಳಿಗೇ ಹೋಗಿ ಕೈದಿಗಳನ್ನು ಮಾತಾಡಿಸಿದರು. ಬಡತನ, ಅರ್ಧಕ್ಕೆ ನಿಂತ ಓದು, ವಕೀಲರ ಅಭಾವ ಇವೆಲ್ಲ ಅದರಲ್ಲಿವೆ. ಗುಂಪಿಗೆ ಬಂದದ್ದು ಮಾತ್ರ ಬರೀ ಶೇಕಡಾವಾರು.

ಜೈಲಿನ ತಲೆಯೆಣಿಕೆಯಲ್ಲಿ ನಾಲ್ಕು ಸಂಗತಿ ಬೆರೆತಿರುತ್ತವೆ: ಯಾರು ತಪ್ಪು ಮಾಡಿದರು, ಯಾರನ್ನು ಹಿಡಿದರು, ಯಾರಿಗೆ ಜಾಮೀನು ಸಿಕ್ಕಿತು, ಯಾರಿಗೆ ಒಳ್ಳೆಯ ವಕೀಲರು ಸಿಕ್ಕರು. ಇದನ್ನು ಬಿಡಿಸದೆ ಒಂದನ್ನೇ ಕಾಣುವವನು ಲೆಕ್ಕ ಓದುತ್ತಿಲ್ಲ, ತನ್ನ ಪಕ್ಷದ ಕರಪತ್ರ ಓದುತ್ತಿದ್ದಾನೆ.

ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ 2019ರ ಜೈಲು ಅಂಕಿಅಂಶ ತೆಗೆದುಕೊಳ್ಳಿ. ದೇಶದಲ್ಲಿ ಶೇ. 14.2ರಷ್ಟಿರುವ ಮುಸ್ಲಿಮರು ವಿಚಾರಣಾಧೀನರಲ್ಲಿ ಶೇ. 18.7, ಶಿಕ್ಷೆಗೊಳಗಾದವರಲ್ಲಿ ಶೇ. 16.6. ‘ಹಿಡಿದದ್ದು ಹೆಚ್ಚು, ಸಾಬೀತಾದದ್ದು ಕಡಿಮೆ, ಅಂದರೆ ಸುಳ್ಳು ಕೇಸು’ ಎನ್ನುತ್ತಾರೆ ನಮ್ಮ ಕಡೆಯವರು. ಅದೇ ಸೂತ್ರವನ್ನು ಆದಿವಾಸಿಗಳಿಗೆ ಹಚ್ಚಿ ನೋಡಿ. ಅವರು ವಿಚಾರಣಾಧೀನರಲ್ಲಿ ಶೇ. 10.5, ಶಿಕ್ಷಿತರಲ್ಲಿ ಶೇ. 13.6. ಹಾಗಾದರೆ ಆದಿವಾಸಿಗಳ ವಿಷಯದಲ್ಲಿ ಪೊಲೀಸರು ಧರ್ಮರಾಯರೇ? ಹಾಗೆಂದು ನಮ್ಮಲ್ಲಿ ಯಾರೂ ಹೇಳಲಾರರು. ಸೂತ್ರ ಬೇಕಾದಲ್ಲಿ ಮಾತ್ರ ಕೆಲಸ ಮಾಡುತ್ತದೆ.

ಎದುರು ಕಡೆಯವರ ಗತಿಯೂ ಇಷ್ಟೇ. ಜೈಲಿನಲ್ಲಿ ಹೆಚ್ಚಿದ್ದಾರೆಂಬುದೇ ಅಪರಾಧಿ ಸ್ವಭಾವಕ್ಕೆ ಸಾಕ್ಷಿಯಾದರೆ, ಜನಸಂಖ್ಯೆಯಲ್ಲಿ ಶೇ. 16.6ರಷ್ಟಿದ್ದು ಶಿಕ್ಷಿತರಲ್ಲಿ ಶೇ. 21.7ರಷ್ಟಿರುವ ದಲಿತರ ಬಗ್ಗೆಯೂ ಇದೇ ಮಾತನ್ನು ಬಹಿರಂಗವಾಗಿ ಆಡಲಿ ನೋಡೋಣ. ಚುನಾವಣೆಯ ವರ್ಷ ಬೇಡ, ಯಾವ ವರ್ಷವಾದರೂ ಸರಿ.

ಅಮೆರಿಕದಲ್ಲೂ ಇದೇ ಆಟ ನಡೆದಿದೆ. 2016ರಲ್ಲಿ ಅರ್ಥಶಾಸ್ತ್ರಜ್ಞ ರೋಲಂಡ್ ಫ್ರೈಯರ್ ಎರಡು ಮಾತು ಹೇಳಿದರು: ಪೊಲೀಸರು ಗುಂಡು ಹಾರಿಸುವುದರಲ್ಲಿ ವರ್ಣಭೇದ ತನಗೆ ಕಾಣಲಿಲ್ಲ, ಆದರೆ ತಳ್ಳುವುದು, ಕೋಳ ಹಾಕುವುದು ಮುಂತಾದವುಗಳಲ್ಲಿ ಸ್ಪಷ್ಟವಾಗಿ ಕಂಡಿತು. ಒಂದು ಪಕ್ಷ ಮೊದಲ ಮಾತನ್ನು ಹೊತ್ತು ಮೆರೆಸಿತು, ಇನ್ನೊಂದು ಎರಡನೆಯದನ್ನು. ಆಮೇಲೆ ಬೇರೆ ವಿದ್ವಾಂಸರು ಮೂಲ ಪ್ರಶ್ನೆ ಎತ್ತಿದರು: ದಾಖಲೆ ಶುರುವಾಗುವುದೇ ಪೊಲೀಸರು ಯಾರನ್ನಾದರೂ ತಡೆದ ಮೇಲೆ, ತಡೆಯುವುದರಲ್ಲೇ ಭೇದವಿದ್ದರೆ ಮುಂದಿನ ಲೆಕ್ಕವೆಲ್ಲ ವಕ್ರವಾಗುವುದಿಲ್ಲವೇ?

ಆ ಪ್ರಶ್ನೆ ನಮಗೆ ಇನ್ನೂ ಹೆಚ್ಚು ಚುಚ್ಚಬೇಕು. ಕಾಮನ್ ಕಾಸ್ ಮತ್ತು ಲೋಕನೀತಿ 2019ರಲ್ಲಿ 21 ರಾಜ್ಯಗಳ ಸುಮಾರು 12,000 ಪೊಲೀಸರನ್ನು ಮಾತಾಡಿಸಿದಾಗ, ಮುಸ್ಲಿಮರು ಸ್ವಭಾವತಃ ಅಪರಾಧದತ್ತ ವಾಲುವವರೆಂದು ಹೆಚ್ಚುಕಡಿಮೆ ಅರ್ಧದಷ್ಟು ಮಂದಿ ನಂಬಿದ್ದು ಕಂಡಿತು. ನಂಬಿಕೆಯೇ ಕೃತ್ಯವಲ್ಲ, ಒಪ್ಪಿದೆ. ಆದರೆ ದಾಖಲೆ ಬರೆಯುವ ಕೈಯೇ ಹೀಗೆ ನಂಬಿರುವಾಗ, ಆ ದಾಖಲೆಯನ್ನು ನಿಷ್ಪಕ್ಷಪಾತ ಸಾಕ್ಷಿ ಎನ್ನುವುದು ಹೇಗೆ? ಎರಡೂ ಕಡೆಯವರ ತಪ್ಪು ಒಂದೇ ಜಾತಿಯದು, ಒಂದೇ ತೂಕದ್ದಲ್ಲ. ಒಬ್ಬರ ತಪ್ಪಿನಿಂದ ವಾದ ಸೋಲುತ್ತದೆ. ಇನ್ನೊಬ್ಬರ ತಪ್ಪಿನಿಂದ ಯಾರಿಗೋ ಜಾಮೀನು ತಪ್ಪುತ್ತದೆ, ಬಾಡಿಗೆ ಮನೆ ತಪ್ಪುತ್ತದೆ.

ಇದು ನಮಗೆ ಸಂಬಂಧವಿಲ್ಲದ ಜಗಳ ಎನ್ನುವ ಕನ್ನಡಿಗರಿಗೆ ಒಂದು ನೆನಪು. 1960ರ ದಶಕದಲ್ಲಿ ಬಾಳ ಠಾಕ್ರೆಯವರ ‘ಮಾರ್ಮಿಕ್’ ಪತ್ರಿಕೆ ಮುಂಬೈಯ ಕಚೇರಿಗಳಲ್ಲಿದ್ದ ದಕ್ಷಿಣದವರ ಹೆಸರುಗಳನ್ನು ಪಟ್ಟಿ ಮಾಡಿ ಅಚ್ಚು ಹಾಕುತ್ತಿತ್ತು. ಹೆಸರುಗಳು ನಿಜವೇ. ಅದರಿಂದ ಎಳೆದ ತೀರ್ಮಾನ ಮಾತ್ರ ನಮ್ಮವರ ಉಡುಪಿ ಹೋಟೆಲುಗಳ ಗಾಜಿನ ಮೇಲೆ ಕಲ್ಲಾಗಿ ಬಿತ್ತು. ನಿಜವಾದ ಅಂಕಿಯಿಂದ ಸುಳ್ಳು ಹೇಳುವುದು ಹೇಗೆಂದು ನಮ್ಮ ಅಪ್ಪಂದಿರು ಅನುಭವಿಸಿ ಕಲಿತಿದ್ದರು.

ಆದ್ದರಿಂದ ಕೇಳಬೇಕಾದ್ದನ್ನು ಕೇಳೋಣ. ಪ್ರತಿ ಠಾಣೆಯೂ ಯಾರನ್ನು ತಡೆಯಿತು, ಯಾರನ್ನು ಬಿಟ್ಟಿತು, ಯಾರನ್ನು ಬಂಧಿಸಿತು, ಯಾರಿಗೆ ಎಷ್ಟು ದಿನಕ್ಕೆ ಜಾಮೀನು ಸಿಕ್ಕಿತು ಎಂಬ ಲೆಕ್ಕವನ್ನು ಹೆಸರಿಲ್ಲದೆ ಪ್ರಕಟಿಸಲಿ. ಅದು ಕೈಗೆ ಬರುವ ತನಕ, ಮುಂದಿನ ಬಾರಿ ಗುಂಪಿಗೆ ಅಂಕಿ ಬಂದಾಗ ಫಾರ್ವರ್ಡ್ ಮಾಡುವ ಮುನ್ನ ಒಂದೇ ಪರೀಕ್ಷೆ ಮಾಡಿ: ಇದೇ ತರ್ಕವನ್ನು ನನ್ನ ಜನರಿಗೆ ಹಚ್ಚಿದರೆ ನಾನು ಒಪ್ಪುತ್ತೇನೆಯೇ?